ಮೂವತ್ತೇಳನೆಯ ನಂಬರಿನ ಫೋಟೊ

2025ರ ಫೆಬ್ರವರಿ 10, ಸೋಮವಾರ. ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ಲಯನೆಲ್ ಸಲ್ಡಾನ್ಹ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಅಷ್ಟು ಬೆಳಗ್ಗೆಯೇ ಸೆಕೆ ಹತ್ತಿತ್ತು. ಆದರೂ ಅವರ ಮೈಮೇಲೆ ಕಡುಗೆಂಪು ಬಣ್ಣದ ಬ್ಲೇಜರ್ ಇತ್ತು. ಅದರ ಗುಂಡಿಗಳೂ ಕಾಜಗಳೂ ಹೊಟ್ಟೆಯ ಆಚೆ ಈಚೆ ದೂರ ದೂರ ನಿಂತಿದ್ದವು.

"ಎಂತ ಸರ್, ಮದುವೆಯಾ?" ಎಂದು ಹೆಡ್ ಕಾನ್‌ಸ್ಟೇಬಲ್ ದುಗ್ಗಪ್ಪ ಕೇಳಿದರು.

"ಬೆಳ್ಳಿಹಬ್ಬ ಮಾರಾಯ್ರೆ. ಎರಡು ಸಾವಿರದ ಇಸವಿಯದ್ದು ಇದು. ಕ್ರೀಡಾಕೂಟದ ಹಳೆಯ ಅಧಿಕಾರಿಗಳೆಲ್ಲ ಮೂರು ದಿನ ಇದನ್ನೇ ಹಾಕಬೇಕು ಅಂತ ಕಮಿಟಿ ತೀರ್ಮಾನ. ತೀರ್ಮಾನ ಮಾಡಿದ್ದು ನಾನೇ." ಅವರು ಕುರ್ಚಿಯಲ್ಲಿ ಕುಳಿತರು. "ಒಂದು ಫೋಟೊ ಹೋಗಿದೆ."

ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಫೆಬ್ರವರಿಯಲ್ಲಿ ಮಂಗಳೂರಿನಲ್ಲಿ ರಾಷ್ಟ್ರೀಯ ಅಥ್ಲೆಟಿಕ್ ಕೂಟ ನಡೆದಿತ್ತು. ನಗರ ಆ ನಾಲ್ಕು ದಿನಗಳನ್ನು ಮರೆತಿರಲಿಲ್ಲ. ಈಗ ಬಿಜೈಯ ಬಸ್ ನಿಲ್ದಾಣದಿಂದ ಕ್ರೀಡಾಂಗಣದವರೆಗೆ ಬಣ್ಣದ ಪತಾಕೆ ಕಟ್ಟಿದ್ದರು. ಕೂಟದ ಲಾಂಛನವಾಗಿದ್ದ ಮಿಂಚುಳ್ಳಿಯ ವೇಷವನ್ನು ಹೊಸದಾಗಿ ಹೊಲಿಸಿದ್ದರು. ಮಂಗಳವಾರ ಸಂಜೆ ಐದಕ್ಕೆ ಹಳೆಯ ದಾರಿಯಲ್ಲೇ ದೇರೆಬೈಲಿನಿಂದ ಜ್ಯೋತಿಯ ಓಟ. ಜ್ಯೋತಿಯನ್ನು ಕೊನೆಯಲ್ಲಿ ಹಿಡಿದು ಕ್ರೀಡಾಂಗಣ ಪ್ರವೇಶಿಸಬೇಕಾದವರು ನಳಿನಾಕ್ಷಿ. ಮಹಿಳೆಯರ ನಾನೂರು ಮೀಟರಿನಲ್ಲಿ ಚಿನ್ನ ಗೆದ್ದ ಊರಿನ ಹುಡುಗಿ, ಈಗ ನಲವತ್ತಾರು ವರ್ಷದ ಸರ್ಕಾರಿ ನೌಕರೆ. ಹೊಸ ಗ್ಯಾಲರಿಗೆ ಅವರ ಹೆಸರಿಡುವುದೂ ಅದೇ ಸಂಜೆ.

"ಯಾವ ಫೋಟೊ?" ಎಂದು ಇನ್‌ಸ್ಪೆಕ್ಟರ್ ಗ್ಲೆನಿಟಾ ಕೇಳಿದರು.

"ನಳಿನಾಕ್ಷಿ ಗೆದ್ದ ಗಳಿಗೆಯದ್ದೇ. ಅರವತ್ತೆರಡು ಫೋಟೊ ಉಂಟು. ಅದೊಂದೇ ಇಲ್ಲ."

"ಬೇರೆ ಏನಾದರೂ?"

"ಕೂಟದ ಬೆಳ್ಳಿಯ ಕಪ್ ಅಲ್ಲೇ ಮೇಜಿನ ಮೇಲೆ ಇತ್ತು. ಮುಟ್ಟಲಿಲ್ಲ."

ಗ್ಲೆನಿಟಾ ಪೆನ್ನು ಕೆಳಗಿಟ್ಟರು. ಬೆಳ್ಳಿ ಬಿಟ್ಟು ಕಾಗದ ಒಯ್ದ ಕಳ್ಳ ಅವರ ಹದಿನೇಳು ವರ್ಷದ ಸೇವೆಯಲ್ಲಿ ಎದುರಾಗಿರಲಿಲ್ಲ. 9:40ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

10:25ಕ್ಕೆ ಸ್ಥಳ ಪಂಚನಾಮೆ ಆರಂಭ. ಕ್ರೀಡಾಂಗಣದ ಪಕ್ಕದ ಸಭಾಭವನ. ಉದ್ದಕ್ಕೆ ನಿಲ್ಲಿಸಿದ ಹಲಗೆಗಳ ಮೇಲೆ ಫೋಟೊಗಳನ್ನು ಕ್ಲಿಪ್ಪು ಹಾಕಿ ಸಿಕ್ಕಿಸಿದ್ದರು. ಚೌಕಟ್ಟು ಇಲ್ಲ. 37ನೆಯ ಜಾಗ ಖಾಲಿ. ಕೆಳಗಿನ ಬರಹದ ಚೀಟಿ ಹಾಗೇ ಇತ್ತು. ಆರು ಕ್ಲಿಪ್ಪುಗಳನ್ನು ಹಲಗೆಯ ಅಂಚಿನಲ್ಲಿ ಒಂದೇ ಸಾಲಿನಲ್ಲಿ ಸಮ ಅಂತರದಲ್ಲಿ ಇಟ್ಟಿದ್ದು ಕಂಡಿತು. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ದುಗ್ಗಪ್ಪ ಎಲ್ಲವನ್ನೂ ಬರೆದು, ಪಂಚರಿಬ್ಬರ ಸಹಿ ಪಡೆದರು.

"ಮೇಡಮ್, ಇವ ಕಳ್ಳ ಅಲ್ಲ. ಮನೆಯಲ್ಲಿ ಚಪ್ಪಲಿ ಸಾಲಾಗಿ ಇಡುವ ಜನ ಇದು."

ಪ್ರದರ್ಶನ ನೋಡಿಕೊಳ್ಳುತ್ತಿದ್ದವಳು ತೃಷಾ, ದೈಹಿಕ ಶಿಕ್ಷಣ ಕಾಲೇಜಿನ ವಿದ್ಯಾರ್ಥಿನಿ. ಶುಕ್ರವಾರದಿಂದ ಶಾಲಾಮಕ್ಕಳಿಗೆ ಫೋಟೊಗಳನ್ನು ವಿವರಿಸುವ ಕೆಲಸ ಅವಳದು.

"ಕೊನೆಗೆ ಯಾವಾಗ ನೋಡಿದ್ದು?"

"ನಿನ್ನೆ ಸಂಜೆ ಏಳಕ್ಕೆ ಇತ್ತು ಮೇಡಮ್. ಆಮೇಲೆ ಹಳೆಯ ಅಧಿಕಾರಿಗಳ ಚಹಾಕೂಟ. ಎಂಟಕ್ಕೆ ಬೀಗ ಹಾಕಿದೆವು. ಬೆಳಗ್ಗೆ ಬಂದಾಗ ಇಲ್ಲ."

"ಈ ಫೋಟೊದ ಬಗ್ಗೆ ಮಕ್ಕಳಿಗೆ ಎಂತ ಹೇಳ್ತಿದ್ದೆ?"

"ಫಿನಿಶಿನ ನಿಯಮ. ಎದೆ ಗೆರೆ ದಾಟಬೇಕು. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. ಯಾರು ಗೆದ್ದದ್ದು ಹೇಳಿ ಅಂತ ಕೇಳ್ತಿದ್ದೆ. ಮಕ್ಕಳು ಎಲ್ಲರೂ ತಪ್ಪು ಹೇಳ್ತಿದ್ರು." ಅವಳು ನಕ್ಕಳು. "ಎರಡನೆಯವರನ್ನೇ ತೋರಿಸ್ತಿದ್ರು. ನೋಡಿ, ಕಣ್ಣು ಮೋಸ ಮಾಡ್ತದೆ, ಅದಕ್ಕೇ ಒಳ್ಳೆಯ ಜಡ್ಜ್ ಬೇಕು ಅಂತ ಹೇಳ್ತಿದ್ದೆ."

"ಎಲ್ಲ ಮಕ್ಕಳೂ?"

ತೃಷಾಳ ನಗು ನಿಧಾನವಾಗಿ ನಿಂತಿತು. "ಹೌದು ಮೇಡಮ್. ಎಲ್ಲರೂ."

ಫೋಟೊ ತೆಗೆದವರು ಪೌಲ್ ಎಂಬ ಪತ್ರಿಕಾ ಛಾಯಾಗ್ರಾಹಕ. ತೀರಿಕೊಂಡು ಆರು ವರ್ಷ. ಬಿಜೈಯಲ್ಲಿ ಸ್ಟುಡಿಯೊ ಇಟ್ಟಿರುವ ಮಗ ಡೆರಿಲ್ ತಂದೆಯ ಹಳೆಯ ನೆಗೆಟಿವ್‌ಗಳಿಂದ ಈ ಪ್ರದರ್ಶನಕ್ಕೆ ಚಿತ್ರ ಮಾಡಿಕೊಟ್ಟಿದ್ದರು. 12:30ಕ್ಕೆ ಗ್ಲೆನಿಟಾ, ಕಾನ್‌ಸ್ಟೇಬಲ್ ಇಜಾಝ್ ಜೊತೆ ಅಲ್ಲಿಗೆ ಹೋದರು.

"ಅದು ಹೋದರೆ ಎಂತ, ಕಂಪ್ಯೂಟರಿನಲ್ಲಿ ಉಂಟಲ್ಲ," ಎಂದು ಡೆರಿಲ್ ಪರದೆ ತಿರುಗಿಸಿದರು. "ಆಗ ಪೇಪರಿನವರು ಇದನ್ನು ಹಾಕಲೇ ಇಲ್ಲ. ಪದಕ ಕೊಡುವ ಫೋಟೊ ಹಾಕಿದರು. ಈ ಸಲವೇ ಮೊದಲು ಹೊರಗೆ ಬಂದದ್ದು."

ಚಿತ್ರ ಗೆರೆಯ ನೇರಕ್ಕೆ ನಿಂತು ತೆಗೆದದ್ದು. ಇಬ್ಬರು ಹುಡುಗಿಯರು. ಹಳದಿ ಬನಿಯನಿನ ನಳಿನಾಕ್ಷಿ ಕುತ್ತಿಗೆಯನ್ನು ಮುಂದೆ ಚಾಚಿದ್ದಾಳೆ, ಕಣ್ಣು ಬಿಗಿಯಾಗಿ ಮುಚ್ಚಿದೆ. ನೀಲಿಯವಳು ತಲೆಯನ್ನು ಹಿಂದಕ್ಕೆ ಎಸೆದು, ಆಕಾಶಕ್ಕೆ ಬಾಯಿ ತೆರೆದಿದ್ದಾಳೆ.

ಇಜಾಝ್ ಕಾಲೇಜಿನಲ್ಲಿ ಓಡಿದವನು. ಪರದೆಯ ಹತ್ತಿರ ಬಗ್ಗಿದ. "ಮೇಡಮ್, ಇದರಲ್ಲಿ ಯಾರು ಗೆದ್ದದ್ದು ಅಂದ್ರಿ?"

"ಹಳದಿ."

"ಹೇಗೆ? ನೀಲಿಯವರ ಎದೆ ಗೆರೆ ದಾಟಿ ಆಗಿದೆ. ಹಳದಿಯವರ ತಲೆ ಮಾತ್ರ ಬಂದದ್ದು."

ಡೆರಿಲ್ ಕನ್ನಡಕ ಹಾಕಿ ನೋಡಿದರು. ತಿಂಗಳುಗಟ್ಟಲೆ ಅದೇ ಚಿತ್ರದ ಧೂಳಿನ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿದ್ದರಂತೆ. "ನಾನು ಇಬ್ಬರ ಮುಖ ಮಾತ್ರ ನೋಡಿದ್ದೇನೆ," ಎಂದರು.

ಚಿತ್ರದ ಪ್ರತಿಯೊಂದನ್ನು ಗ್ಲೆನಿಟಾ ತಮ್ಮ ಮೊಬೈಲಿಗೆ ಹಾಕಿಸಿಕೊಂಡರು. ಈಗ ಕೇಸಿಗೆ ಒಂದು ಕಾರಣ ಸಿಕ್ಕಿತ್ತು. ಈ ಫೋಟೊ ಕಾಣದಿದ್ದರೆ ಯಾರಿಗೆ ಒಳ್ಳೆಯದು? ಮೊದಲ ಹೆಸರು ತಾನಾಗಿಯೇ ಬಂತು.

ಮಧ್ಯಾಹ್ನ 3 ಗಂಟೆಗೆ ನಳಿನಾಕ್ಷಿಯವರು ತಮ್ಮ ಕಚೇರಿಯ ಊಟದ ಕೋಣೆಯಲ್ಲಿ ಎದುರು ಕುಳಿತರು. ಭಾನುವಾರ ಇಡೀ ದಿನ ಉಡುಪಿಯಲ್ಲಿ, ನಾದಿನಿಯ ಮನೆಯ ಸೀಮಂತದಲ್ಲಿ. ವಾಪಸು ಬಂದದ್ದು ಹತ್ತು ಗಂಟೆಯ ನಂತರ. ಇಜಾಝ್ ಫೋನಿನಲ್ಲಿ ವಿಚಾರಿಸಿದ. ಸರಿಯಿತ್ತು.

ಗ್ಲೆನಿಟಾ ಮೊಬೈಲನ್ನು ಮೇಜಿನ ಮೇಲೆ ಸರಿಸಿದರು. ನಳಿನಾಕ್ಷಿ ಚಿತ್ರವನ್ನು ಎತ್ತಿಕೊಳ್ಳಲಿಲ್ಲ. ಇದ್ದಲ್ಲೇ ನೋಡಿದರು.

"ನಿಮಗೆ ಗೊತ್ತಿತ್ತಾ?"

ಪಕ್ಕದ ಕೋಣೆಯಲ್ಲಿ ಯಾರೋ ಮೊಹರು ಒತ್ತುತ್ತಿದ್ದರು. ಆ ಸದ್ದು ಹತ್ತು ಹನ್ನೆರಡು ಸಲ ಕೇಳಿಸಿತು.

"ಗೊತ್ತು ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ನಾನು ಕಣ್ಣು ಮುಚ್ಚಿ ಓಡಿದ್ದು. ಆದರೆ ಪಕ್ಕದಲ್ಲಿ ಅವಳು ಮುಂದೆ ಹೋದ ಗಾಳಿ ಬಂತು. ಮತ್ತೆ ಮೈಕಿನಲ್ಲಿ ನನ್ನ ಹೆಸರು."

"ಯಾರ ಹತ್ತಿರವಾದರೂ ಹೇಳಿದ್ರಾ?"

"ಮುಖ್ಯ ಜಡ್ಜ್ ಹತ್ತಿರ ಹೋಗಿ ಎರಡು ಸಲ ಕೇಳಿದೆ. ಸರಿಯಾಗಿ ನೋಡಿದ್ರಾ ಚನಿಯಣ್ಣ ಅಂತ. ಮಗಳೇ, ಈ ಕಣ್ಣು ಇವತ್ತಿನವರೆಗೆ ತಪ್ಪಿದ್ದಿಲ್ಲ ಅಂದ್ರು. ಮೂರನೆಯ ಸಲ ಕೇಳಲಿಲ್ಲ." ಅವರು ಸೀರೆಯ ಸೆರಗು ಸರಿಮಾಡಿಕೊಂಡರು. "ಆ ಚಿನ್ನದಿಂದಲೇ ಈ ಕೆಲಸ ಸಿಕ್ಕಿದ್ದು. ಕೇಳಬಾರದು ಅಂತ ಆಯ್ತು."

"ನಾಳೆ ಜ್ಯೋತಿ ಹಿಡಿಯುತ್ತೀರಾ?"

"ನೀವು ಫೋಟೊ ಹುಡುಕ್ಲಿಕ್ಕೆ ಬಂದದ್ದಲ್ವಾ ಮೇಡಮ್?"

ಅದು ನಿಜವಾಗಿತ್ತು. ಯಾರು ಗೆದ್ದರು ಎಂಬುದು ಎಫ್‌ಐಆರ್‌ನ ಯಾವ ಕಾಲಮಿಗೂ ಬೇಕಾಗಿರಲಿಲ್ಲ. ಆದರೂ ಜೀಪಿನಲ್ಲಿ ಕುಳಿತ ಮೇಲೆ ಗ್ಲೆನಿಟಾ, "ನೀಲಿಯವರು ಎಲ್ಲಿದ್ದಾರೆ?" ಎಂದು ಕೇಳಿದರು.

ನೀಲಿಯವರು ಡೈಸಿ. ಮಸ್ಕತ್ತಿನಲ್ಲಿ ನರ್ಸ್. ಬೆಳ್ಳಿಹಬ್ಬಕ್ಕೆ ಕಮಿಟಿ ಕರೆದಿತ್ತು. ಅತ್ತಾವರದಲ್ಲಿ ತಂಗಿ ಲವಿನಾಳ ಮನೆಯಲ್ಲಿದ್ದರು. 5:15ಕ್ಕೆ ಪೊಲೀಸರು ಹೋದಾಗ ಸೂಟ್‌ಕೇಸ್ ಇನ್ನೂ ಹಜಾರದಲ್ಲೇ ಇತ್ತು. ಆ ಬೆಳಗಿನ ವಿಮಾನದ ಚೀಟಿ ಅದರ ಹಿಡಿಗೆ ಅಂಟಿತ್ತು. ಭಾನುವಾರ ಅವರು ಊರಿನಲ್ಲೇ ಇರಲಿಲ್ಲ.

"ಪ್ರದರ್ಶನ ನೋಡಿದ್ರಾ?"

"ಇಲ್ಲ. ನಾಳೆ ಹೋಗಬೇಕು. ಕಳವಾಯ್ತು ಅಂದ್ರಲ್ಲ, ಎಂತ ಫೋಟೊ ಅದು?"

"ನಿಮ್ಮ ಓಟದ ಫಿನಿಶ್."

"ಅಯ್ಯೋ, ಕದ್ದದ್ದು ಒಳ್ಳೆಯದಾಯ್ತು ಬಿಡಿ!" ಡೈಸಿ ಜೋರಾಗಿ ನಕ್ಕರು. "ನನ್ನ ತಲೆ ಆಕಾಶದಲ್ಲಿರಬೇಕು ಅದರಲ್ಲಿ. ಕೋಚ್ ಆವತ್ತಿಡೀ ಬೈದರು. ಹಕ್ಕಿ ನೋಡ್ಲಿಕ್ಕೆ ಬಂದದ್ದಾ ನೀನು, ತಲೆ ಬಗ್ಗಿಸಿದ್ದರೆ ಚಿನ್ನ ನಿನ್ನದು ಅಂತ."

"ಇವಳು ನಿದ್ದೆಯಲ್ಲಿ ಸಹ ತಲೆ ಬಗ್ಗಿಸ್ತಿದ್ಳು ಮೇಡಮ್," ಎಂದು ಲವಿನಾ ಚಹಾ ತಂದಿಟ್ಟರು. "ಕನ್ನಡಿ ಎದುರು ನಿಂತು ಪ್ರಾಕ್ಟೀಸ್. ಮತ್ತೆ ಆರು ತಿಂಗಳಿಗೆ ಓಟವೇ ಬಿಟ್ಟಳು."

"ನನ್ನ ತಪ್ಪಿಗೆ ನಾನು ಬಿಟ್ಟದ್ದು. ಅವಳಿಗೆ ಎಂತಕ್ಕೆ ಹೊಟ್ಟೆಯುರಿ." ಡೈಸಿ ಈಗ ನಗುತ್ತಿರಲಿಲ್ಲ. "ಈಗಲೂ ರೋಗಿಯ ಮಂಚ ತಳ್ಳುವಾಗ ಓಡಬೇಕಾಗಿ ಬಂದರೆ ತಲೆ ತಾನಾಗಿ ಬಗ್ಗುತ್ತದೆ."

ಗ್ಲೆನಿಟಾರ ಕೈಯಲ್ಲಿ ಮೊಬೈಲ್ ಇತ್ತು. ಒಂದು ಬೆರಳು ಆಡಿಸಿದರೆ ಸಾಕಿತ್ತು. ತನಿಖೆಯ ಸಾಕ್ಷ್ಯವನ್ನು ಹೊರಗಿನವರಿಗೆ ತೋರಿಸಬಾರದು ಎಂಬ ನಿಯಮ ಅವರಿಗೆ ಆಗ ನೆನಪಾಯಿತು. ಆ ನಿಯಮದ ಹಿಂದೆ ತಾನು ಅಡಗುತ್ತಿದ್ದೇನೆಯೇ ಎಂಬುದೂ ಹೊಳೆಯಿತು. ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

ಏಳುವಾಗ ಲವಿನಾ ಹೇಳಿದರು: "ಬೆಳಗ್ಗೆ ಸಹ ಒಬ್ಬರು ಬಂದಿದ್ರು. ಕೆಂಪು ಕೋಟಿನ ಅಜ್ಜ. ಗೇಟಿನ ಹೊರಗೆ ಅರ್ಧ ಗಂಟೆ ನಿಂತರು. ಯಾರು ಬೇಕು ಅಂತ ಕೇಳ್ಲಿಕ್ಕೆ ಹೋಗುವಷ್ಟರಲ್ಲಿ ಬಸ್ ಹತ್ತಿದರು."

ಸಂಜೆ 6:30ಕ್ಕೆ ಠಾಣೆಯಲ್ಲಿ ಭಾನುವಾರದ ಸಿಸಿಟಿವಿ ನೋಡಲು ಕುಳಿತರು. ಸಭಾಭವನಕ್ಕೆ ಒಂದೇ ಕ್ಯಾಮೆರಾ, ಗೇಟಿನಲ್ಲಿ. ಅದೂ ಹೊರಗೆ ಹೋಗುವವರ ಬೆನ್ನು ಮಾತ್ರ ತೋರಿಸುತ್ತಿತ್ತು. ಚಹಾಕೂಟ ಮುಗಿಸಿ ಬಂದ ಹಳೆಯ ಅಧಿಕಾರಿಗಳೆಲ್ಲರ ಮೈಮೇಲೆ ಒಂದೇ ಬಣ್ಣದ ಬ್ಲೇಜರ್. ಪ್ರತಿಯೊಬ್ಬರ ಕೈಯಲ್ಲೂ ಸುರುಳಿ ಸುತ್ತಿದ ಒಂದು ಕಾಗದ.

"ಎಂತ ಇದು, ಎಲ್ಲರೂ ಕದ್ದಿದ್ದಾರಾ?" ಎಂದರು ದುಗ್ಗಪ್ಪ.

ಲಯನೆಲ್ ಫೋನಿನಲ್ಲಿ ವಿವರಿಸಿದರು. ಬೆಳ್ಳಿಹಬ್ಬದ ನೆನಪಿನ ಪೋಸ್ಟರ್, ನೀಲಿ ರಿಬ್ಬನ್ ಕಟ್ಟಿ, ಸಹಿ ಪಡೆದು ಕೊಟ್ಟದ್ದು. ಸಹಿಯ ಪಟ್ಟಿ ವಾಟ್ಸಾಪಿನಲ್ಲಿ ಬಂತು. ಇಪ್ಪತ್ಮೂರು ಸಹಿ. ಇಜಾಝ್ ದೃಶ್ಯವನ್ನು ಎರಡು ಸಲ ಓಡಿಸಿ ಎಣಿಸಿದ. ಇಪ್ಪತ್ನಾಲ್ಕು ಸುರುಳಿ.

7:42ಕ್ಕೆ ಹೊರಟ ಬೆನ್ನು ಒಂದು ಬೇರೆಯಾಗಿತ್ತು. ಆ ಸುರುಳಿಗೆ ರಿಬ್ಬನ್ ಇರಲಿಲ್ಲ. ಹೆಗಲ ಮೇಲಿನ ಬೈರಾಸು ವಸ್ತ್ರವನ್ನೇ ಅದಕ್ಕೆ ಸುತ್ತಿದ್ದರು. ಉಳಿದ ಪೋಸ್ಟರುಗಳಿಗಿಂತ ಒಂದು ಗೇಣು ಉದ್ದ. ಇನ್ನೊಂದು ಕೈಯಲ್ಲಿ ಊರುಗೋಲು. ಚಹಾಕೂಟಕ್ಕೆ ಬಂದು ಪೋಸ್ಟರಿಗೆ ಸಹಿ ಹಾಕದವರು ಯಾರು ಎಂದು ಪಟ್ಟಿ ಹೊಂದಿಸಿದಾಗ ಒಂದೇ ಹೆಸರು ಉಳಿಯಿತು. ಚನಿಯ, ವಯಸ್ಸು 78, ದೇರೆಬೈಲ್. ಕೂಟದ ಮುಖ್ಯ ಫಿನಿಶ್ ಜಡ್ಜ್.

ಗ್ಲೆನಿಟಾ ತೃಷಾಳಿಗೆ ಫೋನ್ ಮಾಡಿದರು.

"ಆ ಅಜ್ಜನಾ? ಶುಕ್ರವಾರದಿಂದ ಅಲ್ಲೇ ಕುರ್ಚಿ ಹಾಕಿ ಕೂತಿದ್ರು ಮೇಡಮ್. ನಾನು ನಿಯಮ ಹೇಳುವುದನ್ನು ಮಕ್ಕಳ ಜೊತೆ ಕೇಳ್ತಿದ್ರು. ಇನ್ನೊಂದು ಸಲ ಹೇಳು ಮಗಾ ಅಂತಿದ್ರು. ಹಳೆಯವರಿಗೆ ಖುಷಿ ಆಗ್ತದೆ ಅಂತ ನಾನು ಹೇಳ್ತಿದ್ದೆ. ಕೋಲನ್ನು ಫೋಟೊದ ಗೆರೆಗೆ ನೇರ ಹಿಡಿದು ನೋಡ್ತಿದ್ರು."

"ಅವರು ಎಂತ ಹೇಳಿದ್ರು?"

"ಎಂತ ಇಲ್ಲ. ನಿನ್ನೆ ಒಂದು ಸಲ, ನಾಳೆ ಡೈಸಿ ಬರ್ತಾಳಂತೆ ಹೌದಾ ಅಂತ ಕೇಳಿದ್ರು."

ಫೆಬ್ರವರಿ 11, ಮಂಗಳವಾರ. ಬೆಳಗ್ಗೆ 9:30. ದೇರೆಬೈಲಿನ ಒಂದು ಅಡ್ಡರಸ್ತೆಯ ಹಂಚಿನ ಮನೆ. ಮುಖ್ಯರಸ್ತೆಯಲ್ಲಿ ಜ್ಯೋತಿಯ ಓಟಕ್ಕೆ ಬಾಳೆಗಿಡ ಕಟ್ಟುತ್ತಿದ್ದರು, ಮೈಕ್ ಪರೀಕ್ಷೆ ನಡೆದಿತ್ತು. ಚನಿಯ ಅಂಗಳದಲ್ಲಿ ಬ್ಲೇಜರ್ ತೊಟ್ಟು ಕುಳಿತಿದ್ದರು. ಎದುರಿಗೆ ಚಾಪೆ, ಅದರ ಮೇಲೆ ಬಿಡಿಸಿಟ್ಟ ಫೋಟೊ. ನಾಲ್ಕು ಮೂಲೆಗೆ ನಾಲ್ಕು ಹಂಚಿನ ತುಂಡು. ಪೊಲೀಸರನ್ನು ಕಂಡು ಅವರು ಏಳಲು ಹೋದರು. ಗ್ಲೆನಿಟಾ ಬೇಡವೆಂದು ಕೈ ಮಾಡಿ ಜಗಲಿಯ ಅಂಚಿನಲ್ಲಿ ಕುಳಿತರು.

"ಇದನ್ನು ನೀವು ತಂದದ್ದಾ?"

"ನಾನೇ. ಕ್ಲಿಪ್ಪು ಅಲ್ಲೇ ಇಟ್ಟಿದ್ದೇನೆ."

"ಕೇಳಿದ್ದರೆ ಕೊಡ್ತಿರಲಿಲ್ವಾ?"

"ಕೇಳಿದೆ. ಹನ್ನೆರಡನೆಯ ತಾರೀಕು ಆದ ಮೇಲೆ ಅಂದರು. ಅದಕ್ಕೆ ಮೊದಲು ಡೈಸಿ ಬಂದು ನೋಡ್ತಾಳಲ್ಲ."

"ಚನಿಯಣ್ಣ, ಆವತ್ತು ಎಂತ ಆಯ್ತು?"

ಅವರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅದಕ್ಕಿಂತ ಹೆಚ್ಚಾಗಿ ಕಂಬಳದ ತೀರ್ಪುಗಾರರು. ಕೆಸರುಗದ್ದೆಯಲ್ಲಿ ಎರಡು ಜೋಡಿ ಕೋಣಗಳು ಒಟ್ಟೊಟ್ಟಿಗೆ ಬಂದಾಗ ಯಾವುದು ಮುಂದೆ ಎಂದು ಹೇಳಲು ಆ ಕಾಲದಲ್ಲಿ ಊರೂರಿನವರು ಅವರನ್ನೇ ಕರೆಯುತ್ತಿದ್ದರು. ಕೂಟದ ಎರಡನೆಯ ದಿನ ದಿಲ್ಲಿಯಿಂದ ತಂದ ಫಿನಿಶ್ ಕ್ಯಾಮೆರಾ ಕೆಟ್ಟಿತು. ಕಣ್ಣಿನ ಜಡ್ಜ್‌ಗಳು ಬೇಕಾದರು. ಕ್ರೀಡಾಂಗಣದವರಿಗೆ ನೆನಪಾದ ಮೊದಲ ಕಣ್ಣು ಇವರದು.

"ನಾವು ಕೋಣದ ಮೂಗು ನೋಡುವುದು ಮೇಡಮ್. ಗೆರೆಗೆ ಯಾವುದರ ಮೂಗು ಮೊದಲು ಬಂತು, ಅದು ಗೆದ್ದಿತು. ಇಪ್ಪತ್ತಾರು ವರ್ಷ ಅದನ್ನೇ ನೋಡಿದ್ದು."

"ಓಟದಲ್ಲಿ?"

"ಓಟದಲ್ಲೂ ಮೂಗೇ ನೋಡಿದೆ." ಅವರು ಕೋಲಿನ ತುದಿಯಿಂದ ಚಿತ್ರದ ಹಳದಿ ಹುಡುಗಿಯ ಮುಖವನ್ನು, ಮುಟ್ಟದೆ, ತೋರಿಸಿದರು. "ಇವಳ ಮೂಗು ಬಂದಿದೆ ನೋಡಿ. ಒಬ್ಬ ಜಡ್ಜ್ ಇವಳೆಂದ, ಇನ್ನೊಬ್ಬ ಅವಳೆಂದ. ಕೊನೆಯ ಮಾತು ನನ್ನದು. ನಾನು ನೋಡಿದ್ದು ಸುಳ್ಳಲ್ಲ."

"ನಿಯಮ ಯಾರೂ ಹೇಳಿರಲಿಲ್ವಾ?"

"ಹೇಳಿದ್ರು. ಒಂದು ಗಂಟೆ ಕ್ಲಾಸು, ದಿಲ್ಲಿಯವರು, ಇಂಗ್ಲಿಷಿನಲ್ಲಿ. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಕರೆದದ್ದೇ ಕಣ್ಣು ಒಳ್ಳೆಯದುಂಟು ಅಂತ. ಕೇಳಿದರೆ ಇವನಿಗೆ ಗೊತ್ತಿಲ್ಲ ಅಂತ ಆಗ್ತದಲ್ಲ." ಅವರು ಜಾರಿದ್ದ ಹಂಚಿನ ತುಂಡೊಂದನ್ನು ಕೋಲಿನಿಂದ ಫೋಟೊದ ಮೂಲೆಗೆ ಸರಿಸಿದರು. "ಮೊನ್ನೆ ಶುಕ್ರವಾರ ಆ ಹುಡುಗಿ ಮಕ್ಕಳಿಗೆ ಕನ್ನಡದಲ್ಲಿ ಹೇಳಿದಳು. ಎದೆ ಅಂತ. ನಾನು ನಾಲ್ಕು ಸಲ ಹೇಳಿಸಿದೆ. ಏಳು ವರ್ಷದ ಮಕ್ಕಳು ಸಹ ಸರಿಯಾಗಿ ಹೇಳಿದರು ಮೇಡಮ್."

"ಫೋಟೊ ಸುಟ್ಟುಹಾಕುವ ಯೋಚನೆ ಇತ್ತಾ?" ಎಂದು ದುಗ್ಗಪ್ಪ ಕೇಳಿದರು.

ಚನಿಯ ಅವರನ್ನು ವಿಚಿತ್ರವಾಗಿ ನೋಡಿದರು. "ಸುಟ್ಟರೆ ಅವಳಿಗೆ ತೋರಿಸುವುದು ಹೇಗೆ?"

10:15ಕ್ಕೆ ಅಂಗಳದಲ್ಲೇ ಜಪ್ತಿ ಪಂಚನಾಮೆ ನಡೆಯಿತು. ಎರಡಡಿ ಅಗಲ, ಮೂರಡಿ ಉದ್ದದ ಒಂದು ಫೋಟೊ, ಮಡಿಕೆಯಾಗಲಿ ಹರಿದದ್ದಾಗಲಿ ಇಲ್ಲ. ಬಂಧಿಸದೆ ನೋಟಿಸು ಮಾತ್ರ ಕೊಟ್ಟು ಬರಬಹುದೇ ಎಂದು ಗ್ಲೆನಿಟಾ ಮೇಲಿನವರನ್ನು ಫೋನಿನಲ್ಲಿ ಕೇಳಿದರು. ದೊಡ್ಡವರು ಬರುವ ಕಾರ್ಯಕ್ರಮ, ಸಂಜೆಯೊಳಗೆ ಬಂಧನ ತೋರಿಸಿ ಎಂಬ ಉತ್ತರ ಬಂತು. ಕೇಳಿಸಿಕೊಂಡ ಚನಿಯ, "ಅದೇ ಒಳ್ಳೆಯದು," ಎಂದರು. "ನೋಟಿಸು ಕೊಟ್ಟರೆ ಮನೆಯಲ್ಲೇ ಕೂತುಬಿಡ್ತೇನೆ. ನಿನ್ನೆ ಅತ್ತಾವರದಲ್ಲಿ ಹಾಗೇ ಆಯ್ತು. ಗೇಟಿನವರೆಗೆ ಹೋದೆ. ಬಾಯಿ ಬರಲಿಲ್ಲ."

11:50. ಠಾಣೆ. ಇಜಾಝ್ ಬಂಧನ ಮೆಮೊ ಬರೆಯುತ್ತಿದ್ದ. ಹೆಸರು, ತಂದೆಯ ಹೆಸರು, ಗುರುತಿನ ಚಿಹ್ನೆ.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು ಅಜ್ಜ? ಮನೆಯವರು, ಸಂಬಂಧಿಕರು, ನಿಮಗೆ ಬೇಕಾದವರು ಯಾರಾದರೂ. ಒಬ್ಬರ ಹೆಸರು ಹೇಳಿ. ಕಾನೂನು ಪ್ರಕಾರ ನಾವು ಹೇಳಲೇಬೇಕು."

"ಹೇಳಲೇಬೇಕಾ?"

"ಹೇಳಲೇಬೇಕು."

ಚನಿಯ ಕೋಲನ್ನು ಎರಡೂ ಮೊಣಕಾಲಿನ ನಡುವೆ ನಿಲ್ಲಿಸಿಕೊಂಡರು. "ಹಾಗಾದರೆ ಡೈಸಿ ಅಂತ ಬರೆ."

ಇಜಾಝ್ ಪೆನ್ನು ಎತ್ತಿ ಇನ್‌ಸ್ಪೆಕ್ಟರರನ್ನು ನೋಡಿದ. ಗ್ಲೆನಿಟಾ ತಲೆಯಾಡಿಸಿದರು. ಅವನು ಬರೆದ. ಸಂಬಂಧ ಎಂಬ ಕಾಲಮನ್ನು ಖಾಲಿ ಬಿಟ್ಟ.

ಗ್ಲೆನಿಟಾ ತಾವೇ ಫೋನ್ ಮಾಡಿದರು. ಹೆಸರು, ಕಲಂ, ಸಮಯ ಹೇಳಿದರು. ಆ ಕಡೆಯಿಂದ ಡೈಸಿಯ ಸ್ವರ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿತ್ತು: "ಯಾವ ಚನಿಯ? ಆ ಜಡ್ಜಾ? ನನಗ್ಯಾಕೆ ಹೇಳ್ತೀರಿ ಮೇಡಮ್, ಅವರು ನನಗೆ ಎಂತ ಆಗಬೇಕು?"

"ಅವರೇ ಹೇಳ್ತಾರೆ," ಎಂದು ಗ್ಲೆನಿಟಾ ಫೋನನ್ನು ಮೇಜಿನಾಚೆ ಚಾಚಿದರು.

ಚನಿಯ ಅದನ್ನು ಎರಡೂ ಕೈಯಲ್ಲಿ ಹಿಡಿದರು. ಹೊರಗೆ ರಸ್ತೆಯಲ್ಲಿ ಬೆಳ್ಳಿಹಬ್ಬದ ಪ್ರಚಾರದ ಜೀಪು ಹಾದುಹೋಯಿತು. ಅದರ ಮೈಕಿನ ಸದ್ದು ಪೂರ್ತಿ ಅಡಗುವವರೆಗೂ ಅವರು ಕಾದರು. ಆಮೇಲೆ ತುಳುವಿನಲ್ಲಿ, ಒಂದೊಂದು ಮಾತಿನ ನಡುವೆ ಉಸಿರು ತೆಗೆದುಕೊಂಡು, ಕೋಣದ ಮೂಗಿನಿಂದ ಹಿಡಿದು ಕ್ಲಾಸಿನಲ್ಲಿ ತಲೆ ಆಡಿಸಿದ್ದರವರೆಗೆ ಎಲ್ಲವನ್ನೂ ಹೇಳಿದರು. ಗೆದ್ದವಳು ನೀನು ಎಂದರು. ಮುಗಿಸಿದ ಮೇಲೆ ಸಂಪರ್ಕ ಕಡಿಯಿತೇ ಎಂದು ದುಗ್ಗಪ್ಪ ಬಗ್ಗಿ ನೋಡಿದರು. ಕಡಿದಿರಲಿಲ್ಲ.

ಅಂದಿನ ಕೇಸ್ ಡೈರಿಯಲ್ಲಿ ಗ್ಲೆನಿಟಾ ಬರೆದದ್ದು ಇಷ್ಟು: ಆರೋಪಿಯು ತನ್ನ ತಪ್ಪನ್ನು ಮುಚ್ಚುವ ಉದ್ದೇಶದಿಂದ ಫೋಟೊ ಕದ್ದಿರುವುದಿಲ್ಲ, ನೊಂದವರು ಅದನ್ನು ತಾವಾಗಿ ನೋಡುವ ಮೊದಲು ತನ್ನ ಬಾಯಿಂದ ಕೇಳಬೇಕು ಎಂಬುದೇ ಉದ್ದೇಶ. ಬರೆದ ಮೇಲೆ "ನೊಂದವರು" ಎಂಬ ಪದವನ್ನು ನೋಡುತ್ತ ಕುಳಿತರು. ಈ ಪ್ರಕರಣದಲ್ಲಿ ಕಾನೂನಿನ ಪ್ರಕಾರ ನೊಂದವರು ಬೆಳ್ಳಿಹಬ್ಬ ಕಮಿಟಿ. ಪದವನ್ನು ಹೊಡೆದುಹಾಕಲಿಲ್ಲ.

ಫೋನಿನಲ್ಲಿ ಕೊನೆಗೂ ಡೈಸಿಯ ಸ್ವರ ಬಂದಿತ್ತು, ಬಹಳ ಸಣ್ಣದಾಗಿ.

"ಆದರೆ ನಾನು ತಲೆ ಎತ್ತಿದ್ದೆ."

"ತಲೆ ಲೆಕ್ಕ ಇಲ್ಲ ಮಗಳೇ," ಎಂದಿದ್ದರು ಚನಿಯ. "ತಲೆ ಎಷ್ಟು ಬೇಕಾದರೂ ಎತ್ತಬಹುದು."

ನಂತರ ಅವರು ಫೋನನ್ನು ಮೇಜಿನ ಮೇಲಿಟ್ಟು, ಮೆಮೊ ಎಲ್ಲಿ ಎಂದು ಕೇಳಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಸಮಯ 12:25.